ಸಿಂಹದ ಬಾಯಿ, ದೊರೆಯ ಕಿವಿ

ಕಣ್ಣು ಮಂಜಾದವರು ಮೂಗಿನ ಮೇಲೆ ಗಾಜು ಏರಿಸಿಕೊಂಡರೆ ಲೋಕ ಅವರನ್ನು ವಿದ್ವಾಂಸರ ಸಾಲಿಗೆ ಸೇರಿಸುತ್ತದೆ. ಕಿವಿ ಮಂದವಾದವರು ಅದೇ ಧೈರ್ಯ ತೋರಿದರೆ ಎದುರಿನವರ ದನಿ ಏರುತ್ತದೆ, ಗೌರವ ಇಳಿಯುತ್ತದೆ. ಆದ್ದರಿಂದಲೇ ಶ್ರವಣ ಸಾಧನಗಳ ಚರಿತ್ರೆಯಲ್ಲಿ ಕೇಳಿಸುವ ವಿದ್ಯೆಯಷ್ಟೇ ಬಚ್ಚಿಡುವ ವಿದ್ಯೆಗೂ ಬುದ್ಧಿ ಖರ್ಚಾಗಿದೆ.

ನಾಚದೆ ಕಿವುಡನಾಗಿರುವ ಭಾಗ್ಯ ಪೋರ್ಚುಗಲ್ಲಿನ ಆರನೆಯ ಜಾನ್ ದೊರೆಗಿತ್ತು. 1819ರಲ್ಲಿ ಲಂಡನ್ನಿನ ಎಫ್. ಸಿ. ರೇನ್ ಕಂಪನಿ ಅವನಿಗಾಗಿ ಒಂದು ಪೀಠವನ್ನು ತಯಾರಿಸಿತು. ಅದರ ಟೊಳ್ಳು ಕೈಗಳ ತುದಿಯಲ್ಲಿ ಬಾಯ್ದೆರೆದ ಸಿಂಹಗಳಿದ್ದವು; ಆ ಬಾಯಿಗಳನ್ನು ಹೊಕ್ಕ ಮಾತು ಆಸನದೊಳಗೆ ಹಾದು, ಕೊಳವೆಯೊಂದರ ಮೂಲಕ ರಾಜಕರ್ಣವನ್ನು ತಲುಪುತ್ತಿತ್ತು. ಸಿಂಹಾಸನವೆಂಬ ಪದಕ್ಕೆ ಇಷ್ಟು ನಿಷ್ಠೆ ತೋರಿದ ಪೀಠ ಇನ್ನೊಂದಿರಲಾರದು. ಅಹವಾಲು ತಂದವನು ಮಂಡಿಯೂರಿ ಸಿಂಹದ ಬಾಯಿಯೊಳಗೆ ಮಾತಾಡಬೇಕಾಗಿತ್ತು. ಕಿವುಡು ದೊರೆಯದು, ಮೊಣಕಾಲು ನೋವು ಪ್ರಜೆಯದು.

ಸಿಂಹಾಸನವಿಲ್ಲದವರ ಪಾಲಿಗೆ ಉಳಿದದ್ದು ಕಿವಿತುತ್ತೂರಿ. ಅಗಲವಾದ ಬಾಯಿಯಿಂದ ಸದ್ದನ್ನು ಬಾಚಿಕೊಂಡು ಕಿರಿದಾದ ತುದಿಯಿಂದ ಕಿವಿಗೆ ಸುರಿಯುವುದಷ್ಟೇ ಅದರ ಕೆಲಸ, ಹಾಗಾಗಿ ಬಾಯಿ ದೊಡ್ಡದಾದಷ್ಟೂ ಫಲ ಹೆಚ್ಚು. ಮರ್ಯಾದಸ್ಥರಿಗೆ ಬೇಕಾದದ್ದು ಮಾತ್ರ ಕಾಣದಷ್ಟು ಚಿಕ್ಕದು. ಹತ್ತೊಂಬತ್ತನೆಯ ಶತಮಾನದ ಕುಶಲಕರ್ಮಿಗಳು ಅದನ್ನು ಬೀಸಣಿಗೆಯಲ್ಲಿ, ಟೋಪಿಯಲ್ಲಿ, ಕೊನೆಗೆ ಊಟದ ಮೇಜಿನ ಹೂದಾನಿಯಲ್ಲಿಯೂ ಅಡಗಿಸಿದರು. ಕಿವಿಯ ಮೇಲೆ ಹೂ ಇಡುವುದೆಂಬ ನಮ್ಮ ಮಾತು ಅವರಿಗೆ ತಿಳಿದಿತ್ತೋ ಇಲ್ಲವೋ!

ಮುಂದೆ ವಿದ್ಯುತ್ತು ಬಂತು. ಅಮೆರಿಕದ ಸಂಶೋಧಕ ಮಿಲ್ಲರ್ ರೀಸ್ ಹಚಿಸನ್ ಇಂಗಾಲದ ಮೈಕ್ರೋಫೋನನ್ನು ಬಳಸಿ ಶ್ರವಣ ಯಂತ್ರ ಕಟ್ಟಿದ. ಇಂಗ್ಲೆಂಡಿನ ಅಲೆಕ್ಸಾಂಡ್ರಾ ರಾಣಿಯೂ ಅದರ ಗಿರಾಕಿಯಾದಳು. ಅದೇ ಮಹಾನುಭಾವ ಮುಂದೆ ಕ್ಲಾಕ್ಸನ್ ಎಂಬ ಕರ್ಕಶ ಹಾರನ್ನನ್ನೂ ಕಂಡುಹಿಡಿದದ್ದರಿಂದ, ರೋಗ ಮತ್ತು ಮದ್ದು ಒಂದೇ ತಲೆಯಿಂದ ಹೊರಟಂತಾಯಿತು. 1952ರ ಕೊನೆಗೆ ಟ್ರಾನ್ಸಿಸ್ಟರ್ ಕಾಲಿಟ್ಟು ಯಂತ್ರ ಕುಗ್ಗಿದ್ದೇ ತಡ, ಅದನ್ನು ಕನ್ನಡಕದ ಕಡ್ಡಿಯೊಳಗೆ ತೂರಿಸಲಾಯಿತು. ಕಿವಿಯ ಅವಮಾನ ಕಣ್ಣಿನ ಮರ್ಯಾದೆಯ ಮರೆಯಲ್ಲಿ ಕುಳಿತಿತು.

ಇಂದು ಯಂತ್ರ ಕಿವಿಯ ನಾಳದೊಳಗೇ ಇಳಿದಿದೆ, ಯಾರಿಗೂ ಕಾಣುವುದಿಲ್ಲವೆಂಬುದೇ ಅದರ ಜಾಹೀರಾತು. ಅದೇ ಹೊತ್ತಿನಲ್ಲಿ ಚೆನ್ನಾಗಿ ಕೇಳಿಸುವವರು ಎರಡೂ ಕಿವಿಗೆ ಬೆಳ್ಳಗೆ ಹೊಳೆಯುವ ಬಿರಡೆ ಜಡಿದುಕೊಂಡು, ಹೊರಗಿನ ಸದ್ದನ್ನು ಅಳಿಸುವ ಸೌಕರ್ಯಕ್ಕೆ ಹೆಚ್ಚು ಹಣ ತೆತ್ತು, ಆ ಜಾಣಗಿವುಡನ್ನು ಒಡವೆಯಂತೆ ಮೆರೆಸುತ್ತಾರೆ. ಕಿವಿಯೊಳಗೆ ಯಂತ್ರ ಬಚ್ಚಿಟ್ಟುಕೊಂಡ ಹಿರಿಯರು ಪಕ್ಕದಲ್ಲೇ ಕುಳಿತು ಮೂರು ಸಲ ಕರೆದರೂ ಅವರು ತಿರುಗುವುದಿಲ್ಲ. ಮಂಡಿಯೂರಿ ಅರಿಕೆ ಮಾಡಿಕೊಳ್ಳೋಣವೆಂದರೆ ಅಲ್ಲಿ ಸಿಂಹದ ಬಾಯಿಯೂ ಇಲ್ಲ.