ಮರ ಎಷ್ಟು ಅಡಿ ಅಂತ ಮಾತ್ರ ಹೇಳಬೇಡಿ ಸ್ವಾಮಿ

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಮನೆಯಲ್ಲಿ ರೇಗಿದರೆ ಊಟಕ್ಕೆ ಸಂಚಕಾರ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಜಯನಗರದಲ್ಲಿ ಒಂದು ಅಪಾರ್ಟ್‌ಮೆಂಟ್. ಹೆಸರು ಬೇಡ. ಕಾಂಪೌಂಡ್ ಒಳಗೆ ಹಳೇ ಮಳೆಮರ, ಅದರ ಒಂದು ದಪ್ಪ ಕೊಂಬೆ ಪಕ್ಕದ ಮನೆಯ ಸೋಲಾರ್ ಹೀಟರ್ ಮೇಲೆ ಒರಗಿಕೊಂಡಿದೆ. ಅದನ್ನು ತೆಗೆಸೋಕೆ, ಬೀದಿದೀಪ ರಿಪೇರಿಗೆ ಬರುತ್ತಲ್ಲ, ಆ ಥರದ ಬಕೆಟ್ ಗಾಡಿ ತರಿಸಿದ್ದಾರೆ. ಗಾಡಿ ರಸ್ತೆಯಲ್ಲಿ ನಿಂತಿದೆ, ಕೊಂಬೆ ಗೋಡೆಯ ಆಚೆ ಒಳಗಡೆ ಇದೆ. ಬಕೆಟ್ ಮೇಲಕ್ಕೇನೋ ಹೋಯಿತು. ಪಕ್ಕಕ್ಕೆ ಹೋಗಲಿಲ್ಲ. ಆಗ ಮೇಲಿದ್ದ ಹುಡುಗ ಏನು ಮಾಡಿದ ಗೊತ್ತಾ? ಬಕೆಟ್‌ನ ಮೇಲಿನ ಕಂಬಿ ಹತ್ತಿ ನಿಂತ. ಎಡಗೈಯಲ್ಲಿ ಕೊಂಬೆ, ಬಲಗೈಯಲ್ಲಿ ಓಡುತ್ತಿರುವ ಚೈನ್ ಸಾ. ಬೆಲ್ಟ್ ಹಾಕಿದ್ದ, ಇಲ್ಲ ಅನ್ನಲ್ಲ. ಆದರೆ ಅದರ ಕೊಕ್ಕೆ ಸಿಕ್ಕಿಸಿದ್ದು ಮರಕ್ಕೆ! ಕೆಳಗಿನವನು ಲಿವರ್ ಸ್ವಲ್ಪ ಎಳೆದರೂ ಬಕೆಟ್ ಒಂದು ಕಡೆ, ಹುಡುಗ ಇನ್ನೊಂದು ಕಡೆ. ಆ ಕೊಕ್ಕೆ ಬಕೆಟ್‌ನಲ್ಲಿರೋ ಬಳೆಗೆ ಬೀಳಬೇಕು, ಅದಕ್ಕೇ ಅಂತ ಅಲ್ಲಿ ಬಳೆ ಕೊಟ್ಟಿರ್ತಾರೆ.

ನನ್ನ ಗಾಡಿ ನಿಲ್ಲಿಸಿ ಇಳಿದೆ. ಕೆಳಗೆ ಅಸೋಸಿಯೇಷನ್ ಸೆಕ್ರೆಟರಿ ಕಾಫಿ ಹೀರುತ್ತಾ ನಿಂತಿದ್ದರು. "ಸಾರ್, ಮೊದಲು ಆ ಹುಡುಗನ್ನ ಇಳಿಸಿ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕೆ ಸಾರ್? ಮರ 40 ಅಡಿ, ಗಾಡಿ 45 ಅಡಿ. ಇನ್ನೇನು ಬೇಕು?" ಅಂದರು.

ಇದೇ. ಇದೇ ಮಾತು ನನ್ನ ಜೀವ ತಿನ್ನೋದು.

ನನ್ನ ಹೊಟ್ಟೆಪಾಡು ಇಂಥ ಲಿಫ್ಟ್‌ಗಳನ್ನು ಬಾಡಿಗೆಗೆ ಕೊಡೋದು ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಪೀಣ್ಯದ ಯಾರ್ಡಿಗೆ ಬಂದು ಬೂಮ್ ಲಿಫ್ಟ್ (ಉದ್ದ ತೋಳಿನ ತುದಿಗೆ ಬಕೆಟ್ ಇರೋ ಗಾಡಿ, ಆ ತೋಳೇ ಬೂಮ್) ಮುಂದೆ ಸೆಲ್ಫಿ ತೆಗೆದುಕೊಂಡವರೂ ಇಲ್ಲಿದ್ದೀರಿ. ಏಪ್ರಿಲ್ ಬಂತು ಅಂದ್ರೆ, ಎರಡು ಮಳೆಗೆ ನಾಲ್ಕು ಮರ ಬಿತ್ತು ಅಂದ್ರೆ, ನನ್ನ ಫೋನ್ ಶುರು. "ಮರದ ಕೆಲಸಕ್ಕೆ ಲಿಫ್ಟ್ ಬೇಕು, 60 ಅಡಿ, ರೇಟ್ ಹೇಳಿ." ಯಾವ ಮರ ಸಾರ್? "ಅದ್ಯಾಕೆ?" ಗಾಡಿ ಎಲ್ಲಿ ನಿಲ್ಲುತ್ತೆ? "ಎಲ್ಲಾದ್ರೂ ನಿಲ್ಲಿಸಿ." ಕೆಳಗೆ ಮಣ್ಣಾ, ಸ್ಲ್ಯಾಬಾ? "ನೀವು ರೇಟ್ ಹೇಳಿ ಸಾರ್ ಮೊದಲು." ಹುಡುಗನ ಎತ್ತರ ಒಂದನ್ನೇ ಕೇಳಿಕೊಂಡು ಮಗಳನ್ನು ಧಾರೆ ಎರೆದುಕೊಟ್ಟ ಹಾಗಿದೆ ಇದು.

ಸರಿ, ಆ ಅಡಿ ಲೆಕ್ಕವನ್ನೇ ತಗೊಳ್ಳೋಣ. ಕೆಲವರು ಬಕೆಟ್‌ನ ತಳ ಎಷ್ಟು ಎತ್ತರಕ್ಕೆ ಹೋಗುತ್ತೆ ಅಂತ ಹೇಳುತ್ತಾರೆ. ಕೆಲವರು ಅದಕ್ಕೆ 2 ಮೀಟರ್, ಅಂದರೆ ಆರೂವರೆ ಅಡಿ ಸೇರಿಸಿ ವರ್ಕಿಂಗ್ ಹೈಟ್ ಅಂತಾರೆ. ಮನುಷ್ಯ ನಿಂತು ಕೈ ಚಾಚಿದರೆ ಸಿಗೋ ಎತ್ತರ ಅಂತ ಲೆಕ್ಕ. ಬಲ್ಬ್ ಬದಲಾಯಿಸೋರಿಗೆ ಅದು ಸರಿ. ಚೈನ್ ಸಾ ಹಿಡಿದವನು ಭುಜಕ್ಕಿಂತ ಮೇಲೆ ಕೈ ಎತ್ತಿ ಕತ್ತರಿಸಲೇಬಾರದು. ಅಂದ ಮೇಲೆ ಆ ಆರೂವರೆ ಅಡಿಯಲ್ಲಿ ಅವನ ಉಪಯೋಗಕ್ಕೆ ಬರೋದು ಎಷ್ಟು? ಜೊತೆಗೆ, ಬ್ರೋಷರ್‌ನಲ್ಲಿರೋ ಆ ಎತ್ತರ ಸಿಗೋದು ಬೂಮ್ ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಹೋದಾಗ ಮಾತ್ರ. ಪಕ್ಕಕ್ಕೆ ಬಾಗಿದಷ್ಟೂ ಎತ್ತರ ಕರಗುತ್ತೆ. ಪ್ರತಿ ಗಾಡಿಗೂ ಒಂದು ರೀಚ್ ಚಾರ್ಟ್ ಇರುತ್ತೆ, ಕೆಳಗೆ ದೂರ, ಪಕ್ಕದಲ್ಲಿ ಎತ್ತರ, ನಡುವೆ ಹೊಟ್ಟೆ ಉಬ್ಬಿದ ಒಂದು ಗೆರೆ. ಆ ಗೆರೆಯೊಳಗೆ ಎಲ್ಲಿ ಬೇಕಾದರೂ ಬಕೆಟ್ ಹೋಗುತ್ತೆ, ಆಚೆ ಹೋಗಲ್ಲ. ಬಾಡಿಗೆಗೆ ಕೇಳುವ ನೂರರಲ್ಲಿ ಒಬ್ಬರೂ ಆ ಚಾರ್ಟ್ ಕೇಳಲ್ಲ. ಕೊಡುವವರೂ ತೋರಿಸಲ್ಲ ಬಿಡಿ, ಎಲ್ಲ ನಮ್ಮ ಜಾತಿಯವರೇ.

ಈ ಊರಿನ ಮರಗಳಿಗಂತೂ ಎತ್ತರದ ಲೆಕ್ಕ ಅರ್ಧ ಸುಳ್ಳು. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕ್ರುಂಬಿಗಲ್ ಕಾಲದಿಂದ ಹಿಡಿದು 1980ರ ದಶಕದಲ್ಲಿ ಅರಣ್ಯಾಧಿಕಾರಿ ನೆಗಿನಹಾಳರು ಲಕ್ಷಾಂತರ ಸಸಿ ನೆಡಿಸಿದ್ದರವರೆಗೂ ಇಲ್ಲಿನ ರಸ್ತೆಗಳಿಗೆ ಬೇಕಾಗಿದ್ದು ನೆರಳು. ನೆರಳು ಕೊಡೋ ಮರ ಅಗಲಕ್ಕೆ ಹಬ್ಬುತ್ತೆ. ಒಳ್ಳೇ ಮಳೆಮರದ ಕೊಂಬೆಗಳು ಎತ್ತರಕ್ಕಿಂತ ದೂರ ಚಾಚಿರುತ್ತವೆ. ಅದಕ್ಕೆ 60 ಅಡಿ ಮೇಲಕ್ಕೆ ಹೋಗೋ ಗಾಡಿ ತಂದು ಏನು ಮಾಡ್ತೀರಿ, ಹಕ್ಕಿಗೂಡು ಎಣಿಸ್ತೀರಾ?

60 ಅಡಿಯ ಟೆಲಿಸ್ಕೋಪಿಕ್ ಬೂಮ್, ಅಂದರೆ ನೇರವಾಗಿ ಉದ್ದ ಆಗೋದು, ಪಕ್ಕಕ್ಕೆ ಸುಮಾರು 50 ಅಡಿ ಚಾಚುತ್ತೆ. ಅಷ್ಟೇ ಎತ್ತರದ ಮಡಚೋ ಬೂಮ್ ಪಕ್ಕಕ್ಕೆ 40 ಅಡಿಯೂ ಹೋಗಲ್ಲ, ಆದರೆ ಮೊದಲು ಮೇಲಕ್ಕೆದ್ದು ಮೊಣಕೈ ಮಡಚಿ, ಸುಮಾರು 26 ಅಡಿ ಎತ್ತರದ ಗೋಡೆಯನ್ನೋ ಕೆಳಗಿನ ಕೊಂಬೆಯನ್ನೋ ದಾಟಿ ಒಳಗೆ ಇಳಿಯುತ್ತೆ. ಸಿಲ್ವರ್ ಓಕ್ ಥರ ನೆಟ್ಟಗಿರೋದಕ್ಕೆ ಹೊರಗಡೆಯಿಂದ ಟೆಲಿಸ್ಕೋಪಿಕ್ ಚೆನ್ನ. ಮಳೆಮರದ ಒಳಗೆ ನುಗ್ಗಬೇಕು ಅಂದರೆ ಮಡಚೋದು. ತೆಂಗಿಗೆ ಯಾವುದೂ ಬೇಡ, ಹತ್ತೋರನ್ನ ಕರೀರಿ. ಸಿಸರ್ ಲಿಫ್ಟ್ ಅಂತೂ ಮರದ ಹತ್ತಿರ ತರಲೇಬೇಡಿ. ಅದು ಗಟ್ಟಿ ಸಮತಟ್ಟು ನೆಲದ ಮೇಲೆ ನೆಟ್ಟಗೆ ಮೇಲಕ್ಕೆ ಹೋಗಿ ನೆಟ್ಟಗೆ ಇಳಿಯೋದು, ಗೋದಾಮಿನ ಪ್ರಾಣಿ. ಯಾರೋ ಅದನ್ನು ಪಾರ್ಕಿನ ಹುಲ್ಲಿನ ಮೇಲೆ ನಿಲ್ಲಿಸಿದ ಫೋಟೊ ಹೋದ ಬೇಸಿಗೆಯಲ್ಲಿ ನನಗೆ ಕಳಿಸಿದ್ದರು, ‘ಸೂಪರ್ ಅಲ್ವಾ ಸಾರ್’ ಅಂತ.

ಇದನ್ನು ನಾನು ಬರೀ ಗಾಡಿ ಬಾಡಿಗೆ ವಿಷಯ ಅಂತ ಹೇಳ್ತಿಲ್ಲ. ತಪ್ಪು ಗಾಡಿ ತಂದರೆ ಅದರ ಗುರುತು ಮರದ ಮೇಲೆ ಉಳಿಯುತ್ತೆ, ವರ್ಷಗಟ್ಟಲೆ. ಕೊಂಬೆ ಕಾಂಡಕ್ಕೆ ಸೇರೋ ಜಾಗದಲ್ಲಿ ಸುತ್ತ ಸ್ವಲ್ಪ ಉಬ್ಬಿಕೊಂಡಿರುತ್ತೆ, ನೋಡಿ ಬೇಕಾದರೆ. ಕತ್ತರಿಸಬೇಕಾದ್ದು ಆ ಉಬ್ಬಿನ ಹೊರಗೆ, ಅದಕ್ಕೆ ಅಂಟಿಕೊಂಡ ಹಾಗೆ, ಉಬ್ಬಿಗೆ ಗಾಯ ಆಗದಂತೆ. ಹಾಗೆ ಮಾಡಿದರೆ ಮರ ತಾನೇ ಸುತ್ತಲಿಂದ ತೊಗಟೆ ಬೆಳೆಸಿಕೊಂಡು ಗಾಯ ಮುಚ್ಚಿಕೊಳ್ಳುತ್ತೆ. ಅದನ್ನೂ ಒಂದೇ ಏಟಿಗೆ ಮಾಡೋ ಹಾಗಿಲ್ಲ. ಮೊದಲು ಸ್ವಲ್ಪ ಆಚೆ ಕೆಳಗಿನಿಂದ ಒಂದು ಕಚ್ಚು, ಆಮೇಲೆ ಇನ್ನೂ ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸೋದು, ಕೊನೆಗೆ ಉಳಿದ ಮೋಟನ್ನು ಉಬ್ಬಿನ ಹತ್ತಿರ ತೆಗೆಯೋದು. ಇಲ್ಲದಿದ್ದರೆ ಕೊಂಬೆ ಬೀಳುವಾಗ ತೊಗಟೆಯನ್ನೂ ಸಿಗಿದುಕೊಂಡೇ ಕೆಳಗೆ ಬರುತ್ತೆ. ಇಷ್ಟಕ್ಕೂ ಬಕೆಟ್ ಕಾಂಡದ ಹತ್ತಿರ ಹೋಗಿ ಅಲ್ಲಾಡದೆ ನಿಲ್ಲಬೇಕು, ಅವನ ಎರಡೂ ಕೈ ಸಾ ಮೇಲಿರಬೇಕು.

ನಮ್ಮಲ್ಲಿ ಆಗೋದೇನು? ಬಕೆಟ್ ಎಲ್ಲಿಗೆ ಮುಟ್ಟುತ್ತೋ ಅಲ್ಲಿಗೆ ಕೊಯ್ತ. ನಾಲ್ಕಡಿ ಮೋಟು ಹಾಗೇ ಉಳಿಯುತ್ತೆ. ಅದು ಕೊಳೆಯುತ್ತೆ, ಅಣಬೆ ಹತ್ತುತ್ತೆ, ಕೊಳೆ ಮೆಲ್ಲಗೆ ಕಾಂಡದೊಳಗೆ ಇಳಿಯುತ್ತೆ. ಇಲ್ಲಾ ಅಂದರೆ ಆ ಮೋಟಿನ ತುದಿಯಲ್ಲಿ ಪೊದೆ ಥರ ಚಿಗುರು ಬಂದು, ಮೇಲೆಮೇಲೆ ಅಂಟಿಕೊಂಡು ಬೆಳೆದು, ದಪ್ಪ ಆದಮೇಲೆ ಒಂದು ದಿನ ಗಾಳಿಗೆ ಯಾರದೋ ಕಾರಿನ ಮೇಲೆ ಮುರಿದು ಬೀಳುತ್ತೆ. ಗಾಡಿ ರಸ್ತೆಯಲ್ಲೇ ನಿಲ್ಲೋದರಿಂದ ರಸ್ತೆ ಕಡೆ ಬೋಳು, ಮನೆ ಕಡೆ ದಟ್ಟ. ಮರ ಒಂದೇ ಕಡೆ ಭಾರ ಹೊತ್ತು ನಿಲ್ಲುತ್ತೆ. ಆಮೇಲೆ ಬಿದ್ದರೆ ‘ಈ ಮರಗಳೇ ಸರಿಯಿಲ್ಲ’ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ. ಸರಿಯಿಲ್ಲದ್ದು ಗಾಡಿ ಸ್ವಾಮಿ.

ಈಗ ಕಾಮೆಂಟ್‌ನಲ್ಲಿ ಬರೋ ಮಾತು ನನಗೆ ಗೊತ್ತು. "ನಮ್ಮವರು ಹಗ್ಗ ಕಟ್ಟಿ ಬರಿಗಾಲಲ್ಲಿ ಹತ್ತುತ್ತಾರೆ, ನಿಮ್ಮ ಲಿಫ್ಟ್ ಯಾರಿಗೆ ಬೇಕು?" ಒಪ್ಪಿದೆ. ಒಳ್ಳೇ ಹತ್ತುಗಾರ ಯಾವ ಲಿಫ್ಟೂ ಹೋಗದ ಕಡೆ ಹೋಗುತ್ತಾನೆ. ಆದರೆ ಅವನು ನಂಬೋದು ಮರವನ್ನು. ಒಣಗಿದ ಗುಲ್‌ಮೊಹರ್, ಒಳಗೆ ಟೊಳ್ಳಾದದ್ದು, ಬುಡ ಕೊಳೆತದ್ದು, ಇವನ್ನು ಯಾವ ನಂಬಿಕೆ ಮೇಲೆ ಹತ್ತೋದು? ನಾಳೆ ಬೀಳುತ್ತೆ ಅಂತ ನೀವೇ ಅರ್ಜಿ ಕೊಟ್ಟ ಮರಕ್ಕೆ ಇವತ್ತು ಅವನನ್ನು ಕಟ್ಟಿಹಾಕ್ತೀರಾ?

ಇನ್ನೊಬ್ಬರು ಬರ್ತಾರೆ, "ಜೆಸಿಬಿ ಬಕೆಟ್‌ನಲ್ಲಿ ನಿಲ್ಲಿಸಿದರೆ ಅರ್ಧ ದುಡ್ಡಿಗೆ ಆಗುತ್ತೆ" ಅಂತ. ಆಗುತ್ತೆ. ಮಣ್ಣು ಎತ್ತೋಕೆ ಮಾಡಿದ ಬಕೆಟ್ ಅದು, ಸುತ್ತ ಕಂಬಿ ಇಲ್ಲ, ಬೆಲ್ಟ್ ಸಿಕ್ಕಿಸೋಕೆ ಜಾಗ ಇಲ್ಲ, ಕೆಳಗಿನವನು ಲಿವರ್ ತಪ್ಪಿ ಎಳೆದರೆ ಮಣ್ಣು ಸುರಿದ ಹಾಗೇ ಮನುಷ್ಯನನ್ನೂ ಸುರಿಯುತ್ತೆ. ಇದಕ್ಕೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ಮೂರನೆಯವರು ನನ್ನ ಸ್ನೇಹಿತರೇ. "ನಿನ್ನ ವ್ಯಾಪಾರ ನೀನು ಮಾಡ್ಕೋತಿದ್ದೀಯ ಬಿಡು." ನಿಜ ಹೇಳ್ತೀನಿ, ಮರದ ಕೆಲಸಕ್ಕೆ ಗಾಡಿ ಕೊಡೋದು ಅಂದರೆ ನನಗೆ ಆಗಲ್ಲ. ಗಾಜಿನ ಕಟ್ಟಡದ ಕೆಲಸಕ್ಕೆ ಹೋದ ಗಾಡಿ ಹೋದ ಹಾಗೇ ವಾಪಸ್ ಬರುತ್ತೆ. ಮರದ ಕೆಲಸಕ್ಕೆ ಹೋದದ್ದು ಬಣ್ಣ ಕಿತ್ತುಕೊಂಡು, ಸಂದುಸಂದಿಗೆ ಮರದ ಪುಡಿ ತುಂಬಿಕೊಂಡು, ಹೋಸ್ ಕುಯ್ಸಿಕೊಂಡು ಬರುತ್ತೆ. ಕೊಂಬೆಯನ್ನು ಬಕೆಟ್ ಕಂಬಿಗೇ ಕಟ್ಟಿ ಇಳಿಸುವ ಮಹಾನುಭಾವರಿದ್ದಾರೆ! ಬಕೆಟ್ ತಡೆಯೋದು ಸಾಮಾನ್ಯವಾಗಿ 200–230 ಕಿಲೋ, ಇಬ್ಬರು ಆಳು ಮತ್ತು ಅವರ ಸಾಮಾನಿಗೆ. ಒಂದಡಿ ದಪ್ಪದ, 10 ಅಡಿ ಉದ್ದದ ಹಸಿ ಕೊಂಬೆ ಒಂದೇ ಸುಲಭವಾಗಿ 150 ಕಿಲೋ ದಾಟುತ್ತೆ. ಲಿಫ್ಟ್ ಅಂದರೆ ಕ್ರೇನ್ ಅಲ್ಲಪ್ಪಾ.

ಇನ್ನೊಂದು ವಿಷಯ, ಯಾರಿಗೂ ಹೇಳಿಲ್ಲ, ಇವತ್ತು ಹೇಳಿಬಿಡ್ತೀನಿ. ನನಗೆ ಎತ್ತರ ಅಂದರೆ ಭಯ. ಹೌದು, ಲಿಫ್ಟ್ ಬಾಡಿಗೆಗೆ ಕೊಡೋ ನನಗೆ. ಮೇಲೆ ಹೋದಾಗ ಬೂಮ್ ನಿಂತ ಮೇಲೂ ಬಕೆಟ್ ಒಂದು ಕ್ಷಣ ತೂಗಾಡುತ್ತಲ್ಲ, ಆಗ ನನ್ನ ಕಾಲು ನೀರಾಗುತ್ತೆ. ಸಿಬ್ಬಂದಿ ಮುಂದೆ ಗಂಭೀರವಾಗಿ ಹೈಡ್ರಾಲಿಕ್ ಹೋಸ್ ನೋಡೋ ನಾಟಕ ಮಾಡ್ತೀನಿ. ಅದಕ್ಕೇ ಕಂಬಿ ಹತ್ತಿ ನಿಂತ ಆ ಹುಡುಗನನ್ನು ನೋಡಿದಾಗ ಅಷ್ಟು ಸಿಟ್ಟು ಬಂದಿದ್ದು.

ನೆಲದ ವಿಷಯಕ್ಕೆ ಬರ್ತೀನಿ, ಇದನ್ನೂ ಯಾರೂ ಕೇಳಲ್ಲ. ಬೆಂಗಳೂರಿನಲ್ಲಿ ನೆಲ ಅಂತ ಕಾಣೋದೆಲ್ಲ ನೆಲ ಅಲ್ಲ. ಫುಟ್‌ಪಾತ್ ಕೆಳಗೆ ಮೋರಿ, ಮೋರಿ ಮೇಲೆ ಚಪ್ಪಡಿ, ಅದರ ಮೇಲೆ ಗಾಡಿಯ ಜಾಕ್. ಅಪಾರ್ಟ್‌ಮೆಂಟ್ ತೋಟ ಅಂತ ನೀವು ತೋರಿಸೋದರ ಕೆಳಗೆ ಬೇಸ್‌ಮೆಂಟ್ ಪಾರ್ಕಿಂಗ್ ಇರುತ್ತೆ. 60 ಅಡಿಯ ಟೆಲಿಸ್ಕೋಪಿಕ್ ಗಾಡಿ ಸುಮಾರು 10 ಟನ್. ಅದನ್ನು ಸ್ಲ್ಯಾಬ್ ಮೇಲೆ ಹತ್ತಿಸಿ ಅನ್ನುವ ಸೆಕ್ರೆಟರಿಗಳಿದ್ದಾರೆ, ಅವರ ಕಾರು ಕೆಳಗಡೆ ನಿಂತಿರುತ್ತೆ ಅನ್ನೋದೂ ಹೊಳೆಯಲ್ಲ. ಇಂಥ ಕಡೆಗೆ ಅಂತಲೇ ಸ್ಪೈಡರ್ ಲಿಫ್ಟ್ ಇದೆ. ಮಡಚಿದರೆ ಒಂದು ಮೀಟರ್‌ಗಿಂತ ಕಡಿಮೆ ಅಗಲ ಇರೋವೂ ಇವೆ, ಸಣ್ಣ ಗೇಟಿನಲ್ಲಿ ನುಗ್ಗುತ್ತೆ, ಒಳಗೆ ಹೋಗಿ ನಾಲ್ಕು ಕಾಲು ಚಾಚಿ ನಿಲ್ಲುತ್ತೆ. 20 ಮೀಟರ್ ಆಸುಪಾಸಿನದ್ದು ಎರಡೂವರೆ, ಮೂರು ಟನ್. ಹಗುರ ಅಂತ ಅದನ್ನೂ ಕಣ್ಣುಮುಚ್ಚಿ ನಿಲ್ಲಿಸೋ ಹಾಗಿಲ್ಲ, ಆ ಭಾರವೆಲ್ಲ ನಾಲ್ಕು ಕಾಲಿನಡಿ ಅಷ್ಟಷ್ಟು ಜಾಗದಲ್ಲಿ ಒತ್ತುತ್ತೆ. ಅಗಲದ ಹಲಗೆ ಹಾಕಬೇಕು, ಸ್ಲ್ಯಾಬ್ ಆದರೆ ಎಂಜಿನಿಯರನ್ನು ಕೇಳಬೇಕು. ಬಾಡಿಗೆ ಜಾಸ್ತಿ, ಸುಲಭಕ್ಕೆ ಸಿಗಲ್ಲ. ನನ್ನ ಹತ್ತಿರವೇ ಇಲ್ಲ. ಆದರೂ ಅದನ್ನೇ ತರಿಸಿ ಅಂತ ಹೇಳಿ ಎಷ್ಟೋ ಆರ್ಡರ್ ಕಳೆದುಕೊಂಡಿದ್ದೀನಿ, ಹೆಂಡತಿಗೆ ಗೊತ್ತಿಲ್ಲ, ಈ ಪೋಸ್ಟ್ ಓದಿದರೆ ಗೊತ್ತಾಗುತ್ತೆ.

ಕರೆಂಟ್ ತಂತಿ. 11 ಕೆವಿ ಲೈನ್ ಮರದೊಳಗೇ ಹಾದುಹೋಗಿರುತ್ತೆ, ಜೊತೆಗೆ ಕೇಬಲ್‌ನವರ ಕಪ್ಪು ಜಡೆ. ಬಾಡಿಗೆಗೆ ಸಿಗೋ ಬೂಮ್‌ಗಳು ಹೆಚ್ಚಾಗಿ ಪೂರಾ ಕಬ್ಬಿಣ. ಫೈಬರ್‌ಗ್ಲಾಸ್ ತೋಳಿನ ಇನ್ಸುಲೇಟೆಡ್ ಗಾಡಿಯೇ ಬೇರೆ, ಅದನ್ನು ಕಾಲಕಾಲಕ್ಕೆ ಟೆಸ್ಟ್ ಮಾಡಿಸಿರಬೇಕು. ಅದೂ ಕರೆಂಟು ಬಕೆಟ್‌ನಿಂದ ನೆಲಕ್ಕೆ ಇಳಿಯೋದನ್ನು ತಡೆಯುತ್ತೆ ಅಷ್ಟೆ, ಮೇಲಿರುವವನು ಎರಡು ತಂತಿ ಒಟ್ಟಿಗೆ ಮುಟ್ಟಿದರೆ ಏನೂ ಮಾಡಲ್ಲ. ಅಮೆರಿಕದ ಮರಗೆಲಸದ ಸುರಕ್ಷತಾ ನಿಯಮದಲ್ಲಿ, ಕರೆಂಟ್ ಕೆಲಸದ ತರಬೇತಿ ಇಲ್ಲದವರು ಇಂಥ ತಂತಿಯಿಂದ ಕನಿಷ್ಠ 10 ಅಡಿ ದೂರ ಇರಬೇಕು ಅಂತಿದೆ. ನಮ್ಮ ರಸ್ತೆಗಳಲ್ಲಿ 10 ಅಡಿ ಎಲ್ಲಿಂದ ತರೋದು? ಅದಕ್ಕೇ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ತಗೊಳ್ಳಿ ಅನ್ನೋದು, ಬೆಸ್ಕಾಂನವರಿಂದ ಲೈನ್ ಆಫ್ ಮಾಡಿಸಿ, ಅವರು ಆಯ್ತು ಅಂದ ಮೇಲೆ ಹತ್ತಿ. "ಲೈನ್‌ಮ್ಯಾನ್ ಪರಿಚಯ ಇದ್ದಾನೆ" ಅನ್ನೋದು ಎಲ್‌ಸಿ ಅಲ್ಲ.

ಗಾಡಿ ಬಂದ ದಿನ ಒಂದು ಕೆಲಸ ಮಾಡಿ. ಮರದ ಹತ್ತಿರ ಹೋಗೋ ಮೊದಲು ಬಕೆಟ್ ಖಾಲಿಯಾಗಿ ಮೇಲಕ್ಕೆ ಕಳಿಸಿ, ಎಂಜಿನ್ ಆಫ್ ಮಾಡಿಸಿ, "ಈಗ ಇಳಿಸಪ್ಪಾ" ಅನ್ನಿ. ಎಮರ್ಜೆನ್ಸಿಗೆ ಕೆಳಗಿನಿಂದ ಇಳಿಸೋ ವ್ಯವಸ್ಥೆ ಪ್ರತಿ ಗಾಡಿಯಲ್ಲೂ ಇದೆ. ಆಪರೇಟರ್ ತಲೆ ಕೆರೆದುಕೊಂಡರೆ, ಓನರ್‌ಗೆ ಫೋನ್ ಹಚ್ಚಿದರೆ, ಗಾಡಿ ವಾಪಸ್ ಕಳಿಸಿ. ಮುಲಾಜು ಬೇಡ. ಗಾಳಿಯ ಮಿತಿಯೂ ಗಾಡಿ ಮೇಲೇ ಬರೆದಿರುತ್ತೆ, ಹೆಚ್ಚಿನವಕ್ಕೆ ಗಂಟೆಗೆ 45 ಕಿಮೀ. ಮೇ ತಿಂಗಳ ಸಂಜೆ ಧೂಳು ಎದ್ದಿತು ಅಂದರೆ ಆ ಮಿತಿ ಮುಗಿದ ಹಾಗೇ, ಇಳಿಸಿಬಿಡಿ.

ಮರ ಕಡಿಯೋಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ಅದರ ಬಗ್ಗೆ ಇನ್ನೊಂದು ದಿನ ಬೈತೀನಿ.

ಇನ್ನು ಮುಂದೆ ಫೋನ್ ಮಾಡೋರು, ನನಗೇ ಮಾಡಿ ಅಂತಲ್ಲ, ಯಾರಿಗೇ ಮಾಡಿ, ಮೊದಲು ಫೋಟೊ ಕಳಿಸಿ. ಬುಡದಲ್ಲಿ ನಿಂತು ಮೇಲಕ್ಕೆ ತೆಗೆದ ಫೋಟೊ ಬೇಡ, ಅದರಲ್ಲಿ ಬರೀ ಎಲೆ ಕಾಣುತ್ತೆ. ರಸ್ತೆಯ ಆಚೆ ನಿಂತು ಪಕ್ಕದಿಂದ ತೆಗೀರಿ. ಮರದ ಬುಡ, ಗೇಟು, ಕರೆಂಟ್ ಕಂಬ, ಯಾವ ಕೊಂಬೆ ಹೋಗಬೇಕೋ ಅದು, ಎಲ್ಲ ಒಂದೇ ಫೋಟೊದಲ್ಲಿ ಬರಲಿ. ಗಾಡಿ ನಿಲ್ಲೋ ಜಾಗದಿಂದ ಆ ಕೊಂಬೆಯ ಬುಡದವರೆಗೆ ಟೇಪ್ ಹಿಡಿದು ಅಳೆದು ಆ ಅಂಕಿ ಕಳಿಸಿ. ಎತ್ತರ ಆಮೇಲೆ ನೋಡೋಣ.