ಗಿರಾಕಿ ಇಲ್ಲದಿದ್ದರೂ ನಿಂತೇ ಇರಬೇಕಿತ್ತು

ಮೊನ್ನೆ ಪರಿಚಯದವರೊಬ್ಬರ ಹೊಸ ಆಫೀಸಿನ ಪೂಜೆಗೆ ಹೋಗಿದ್ದೆ. ಒಳಗೆ ಹೋಗುತ್ತಿದ್ದಂತೆ ಗೋಡೆ ಮೇಲೆ ದೊಡ್ಡದಾಗಿ 'ನಾವೆಲ್ಲ ಒಂದೇ ಕುಟುಂಬ' ಅಂತ ಬರೆಸಿದ್ದಾರೆ. ಚೆನ್ನಾಗಿದೆ ಅಂದೆ. ಬಾತ್‌ರೂಮ್ ಎಲ್ಲಿ ಅಂತ ಕೇಳಿದೆ. ಹನ್ನೊಂದು ಜನಕ್ಕೆ ಒಂದೇ, ಅದಕ್ಕೂ ಒಳಗಿನ ಚಿಲಕ ಕೂರುತ್ತಿರಲಿಲ್ಲ. ಕೇಸರಿಬಾತ್ ತಿಂದು ಸುಮ್ನೆ ಬಂದೆ. ಪೂಜೆ ದಿನ ಏನಂತ ಹೇಳೋದು?

ನಾನು ಮೈಸೂರಿನ ಒಂದು ಸೀರೆ ಅಂಗಡಿಯಲ್ಲಿ ಆರು ವರ್ಷ ಸೇಲ್ಸ್‌ನಲ್ಲಿ ಇದ್ದವಳು. ಯಾವುದು ಅಂತ ಕೇಳಬೇಡಿ, ಹೇಳಲ್ಲ. ಬೆಳಗ್ಗೆ ಒಂಬತ್ತೂವರೆಗೆ ಒಳಗೆ ಹೋದರೆ ಹೊರಗೆ ಬರುವಾಗ ರಾತ್ರಿ ಎಂಟೂವರೆ. ಊಟದ ಅರ್ಧ ಗಂಟೆ ಬಿಟ್ಟರೆ ಕೂರುವ ಹಾಗಿಲ್ಲ. ಗಿರಾಕಿ ಇದ್ದಾಗ ನಿಲ್ಲೋದು ಸರಿ, ಅದು ಕೆಲಸ. ಆದರೆ ಪಿತೃಪಕ್ಷದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಸೀರೆ ಅಂಗಡಿಗೆ ನೊಣವೂ ಬರಲ್ಲ. ಆಗಲೂ ನಿಂತೇ ಇರಬೇಕು. ಕೌಂಟರ್ ಮೇಲೆ ಮೊಣಕೈ ಊರಿದರೆ ಸಾಕು, ಮ್ಯಾನೇಜರ್ ಕೆಮ್ಮುತ್ತಿದ್ದರು.

ನಾವೂ ಒಂದು ಉಪಾಯ ಕಂಡುಕೊಂಡಿದ್ದೆವು. ತೀರಾ ಕೆಳಗಿನ ರ‍್ಯಾಕಿನ ಸೀರೆ ಮಡಚುವ ನೆಪದಲ್ಲಿ ಕುಕ್ಕರುಗಾಲಲ್ಲಿ ಕೂರೋದು. ಒಬ್ಬೊಬ್ಬರಿಗೆ ಐದು ನಿಮಿಷ, ಸರದಿ ಪ್ರಕಾರ. ನೀಟಾಗಿ ಮಡಚಿಟ್ಟ ಸೀರೆಯನ್ನೇ ಬಿಚ್ಚೋದು, ಮತ್ತೆ ಮಡಚೋದು. ಒಂದು ಹಸಿರು ಮೈಸೂರು ಕ್ರೇಪ್ ಸೀರೆಯನ್ನು ನಾವು ಎಷ್ಟು ಸಲ ಮಡಚಿದ್ದೆವು ಅಂದರೆ, ಕೊನೆಗೆ ಮಡಿಕೆಯ ಗೆರೆ ಬಿದ್ದು ಅದನ್ನು ಡಿಸ್ಕೌಂಟಿಗೆ ಹಾಕಬೇಕಾಯಿತು. ಒಂದು ಸ್ಟೂಲ್ ಇದಕ್ಕಿಂತ ಅಗ್ಗ ಅಲ್ವಾ?

ಓನರ್ ಕೆಟ್ಟವರಲ್ಲ, ಅದನ್ನೂ ಹೇಳಬೇಕು. ದಸರಾಕ್ಕೆ ಬೋನಸ್ ಕೊಡುತ್ತಿದ್ದರು, ನನ್ನ ಮದುವೆಗೆ ಬಂದು ಊಟ ಮಾಡಿ ಹೋದರು. ಕೂತವರು ಸೋಮಾರಿಗಳ ಹಾಗೆ ಕಾಣ್ತಾರೆ ಅನ್ನೋದು ಅವರ ನಂಬಿಕೆ ಅಷ್ಟೆ. ಗಲ್ಲಾದ ಹಿಂದೆ ಅವರಿಗೆ ಮಾತ್ರ ಮೆತ್ತನೆ ಕುರ್ಚಿ ಇತ್ತು.

ಇದು ನನ್ನೊಬ್ಬಳ ಗೊಣಗಾಟ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕೇರಳದ ಕೋಳಿಕ್ಕೋಡಿನಲ್ಲಿ ಅಂಗಡಿ ಹೆಂಗಸರು ಇದಕ್ಕೇ ಬೀದಿಗೆ ಇಳಿದಿದ್ದರು. ಮುಂದೆ ನಿಂತವರು ಪಿ. ವಿಜಿ ಅನ್ನೋ ಟೈಲರ್. ಮೊದಲು ಕೇಳಿದ್ದು ಟಾಯ್ಲೆಟ್, ಆಮೇಲೆ ಕುರ್ಚಿ. 2018ರಲ್ಲಿ ಕೇರಳ ಕಾನೂನು ಬದಲಿಸಿ ಅಂಗಡಿಯವರು ಕೂರುವ ವ್ಯವಸ್ಥೆ ಮಾಡಲೇಬೇಕು ಅಂದಿತು. 2021ರಲ್ಲಿ ತಮಿಳುನಾಡೂ ಹಾಗೇ ಮಾಡಿತು. ಕಾರ್ಖಾನೆಗಳಿಗಂತೂ 1948ರ ಕಾಯ್ದೆಯಲ್ಲೇ ಈ ಮಾತಿತ್ತು. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅಂತ ಇದೆ. ನಾನು ನಿಂತ ಲೆಕ್ಕ ನೀವೇ ಹಾಕಿ.

ಇನ್ನೊಂದು ವಿಷಯ, ರಜೆ. ಆ ಅಂಗಡಿಯಲ್ಲಿ ನನ್ನ ಅಜ್ಜಿ ಮೂರು ಸಲ ತೀರಿಕೊಂಡರು. ಪಕ್ಕದ ಕೌಂಟರಿನವಳ ಮಾವ ಎರಡು ಸಲ. ಸುಮ್ನೆ 'ಇವತ್ತು ಆಗಲ್ಲ' ಅಂದರೆ ರಜೆ ಸಿಗುತ್ತಿರಲಿಲ್ಲ, ಸಾವೇ ಆಗಬೇಕಿತ್ತು. ಹೊಟ್ಟೆನೋವು ಅಂತ ಆ ಮ್ಯಾನೇಜರ್ ಹತ್ತಿರ ಹೇಳೋಕೆ ಬಾಯಿ ಬರುತ್ತಿರಲಿಲ್ಲ. 2025ರಲ್ಲಿ ನಮ್ಮ ಸರ್ಕಾರ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಅಂತ ತೀರ್ಮಾನ ಮಾಡಿದಾಗ ನನಗೆ ಖುಷಿ ಆಯಿತು. ಜೊತೆಗೇ ಆ ಕೆಮ್ಮುವ ಮ್ಯಾನೇಜರ್ ನೆನಪಾದರು. ರಜೆ ಇದ್ದರೆ ಸಾಲದು, ಅದನ್ನು ಯಾರ ಹತ್ತಿರ ಕೇಳಬೇಕು ಅನ್ನೋದೂ ಇದೆ.

ಈಗ ನನ್ನದೇ ಹೊಲಿಗೆ ಯೂನಿಟ್ ಇದೆ, ಮೈಸೂರಿನ ಹೆಬ್ಬಾಳದಲ್ಲಿ. ಸ್ಕೂಲ್ ಯೂನಿಫಾರಂ ಹೊಲಿಯುತ್ತೇವೆ. ಎಂಟು ಜನ ಹೆಂಗಸರು, ಒಬ್ಬರು ಕಟಿಂಗ್ ಮಾಸ್ಟರ್. ಮೆಷಿನ್‌ಗಿಂತ ಮೊದಲು ಸ್ಟೂಲ್ ತಂದೆ, ಕಟಿಂಗ್ ಟೇಬಲ್‌ಗೊಂದು, ಇಸ್ತ್ರಿ ಮಾಡುವಲ್ಲಿಗೊಂದು. ಹೊಲಿಯುವವರದು ಉಲ್ಟಾ ಕತೆ, ಅವರು ಕೂತೂ ಕೂತೂ ಸೊಂಟ ಹಿಡಿಸಿಕೊಳ್ಳುತ್ತಾರೆ. ಅವರಿಗೆ ಬೆನ್ನಿಗೆ ಆನಿಕೆ ಇರುವ ಕುರ್ಚಿ. ಬಾತ್‌ರೂಮ್ ಚಿಲಕ ನಾನೇ ನಿಂತು ಹಾಕಿಸಿದೆ. ರಜೆಗೆ ಕಾರಣ ಕೇಳಲ್ಲ, ಹಿಂದಿನ ದಿನ ಒಂದು ಫೋನ್ ಸಾಕು. ಸಂಬಳ ಐದನೇ ತಾರೀಕು. ಇಷ್ಟಕ್ಕೆಲ್ಲ ನನಗೆ ನನ್ನ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಹೋದ ವರ್ಷ ಮೇ ಕೊನೆಯಲ್ಲಿ ಅದು ಇಳಿಯಿತು. ಶಾಲೆ ಶುರುವಾಗುವ ಹೊತ್ತು, ಆರ್ಡರ್ ಬೆಟ್ಟದಷ್ಟು. 'ಇವತ್ತೊಂದಿನ ಏಳೂವರೆವರೆಗೆ ಇರ್ರಮ್ಮ' ಅಂದೆ. ಆ ಒಂದಿನ ಒಂಬತ್ತು ದಿನ ಆಯಿತು. ಓಟಿ ಡಬಲ್ ಕೊಟ್ಟೆ, ಬೋಂಡಾ ತರಿಸಿದೆ. ಯಾರೂ ಏನೂ ಅನ್ನಲಿಲ್ಲ. ಹಾಗಾಗಿ ಎಲ್ಲರಿಗೂ ಒಪ್ಪಿಗೆ ಅಂದುಕೊಂಡೆ. ನಮ್ಮಲ್ಲಿ ಮೂವರು ಪಾಂಡವಪುರದ ಕಡೆಯಿಂದ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ಇಲ್ಲ, ಅದಕ್ಕೇ ಅಷ್ಟು ದೂರದಿಂದ ಬರೋಕೆ ಆಗೋದು. ಆದರೆ ಪಾಂಡವಪುರದಲ್ಲಿ ಇಳಿದ ಮೇಲೆ ಅವರ ಊರಿಗೆ ಹೋಗುವ ಕೊನೇ ಬಸ್ಸು ನಮ್ಮ ಆರ್ಡರಿಗೆ ಕಾಯಲ್ಲ.

ಹತ್ತನೇ ದಿನ ಓವರ್‌ಲಾಕ್ ಮೆಷಿನ್ನಿನ ಅಕ್ಕ ಎದ್ದು ನಿಂತರು. 'ಒಂದಿನ ಅಂದ್ರೆ ಸರಿ ಕಣಕ್ಕ, ದಿನಾಲೂ ಅಂದ್ರೆ ಎಂಗೆ? ಟೈಮ್ ಎಷ್ಟಾಯ್ತು ಅಂತ ನೋಡೋಕೂ ನಾವು ಹಿಂದಕ್ಕೆ ತಿರುಗಬೇಕು. ತಿರುಗಿದ್ರೆ ನೀವು ನೋಡ್ತೀರ' ಅಂದರು.

ಅವರ ಕುರ್ಚಿಯಲ್ಲಿ ಹೋಗಿ ಕೂತು ನೋಡಿದೆ. ಹೌದು. ಗಡಿಯಾರ ನನ್ನ ಟೇಬಲ್‌ಗೆ ನೇರವಾಗಿ, ಅವರೆಲ್ಲರ ಬೆನ್ನ ಹಿಂದೆ ಇತ್ತು. ಎರಡು ವರ್ಷದಿಂದ ಅಲ್ಲೇ ಇತ್ತು. ತಿರುಗಿದವರನ್ನೆಲ್ಲ ನಾನು ನೋಡಿದ್ದೂ ನಿಜ. ಕೆಮ್ಮಿರಲಿಲ್ಲ ಅಷ್ಟೆ.

ಅವತ್ತೇ ಮೊಳೆ ಕಿತ್ತು ಎದುರು ಗೋಡೆಗೆ ಹೊಡೆಸಿದೆ. ಈಗ ಐದೂ ಇಪ್ಪತ್ತಕ್ಕೆಲ್ಲ ಡಬ್ಬಿ ಮುಚ್ಚುವ ಸದ್ದು ಶುರುವಾಗುತ್ತದೆ. ನನಗೆ ಒಳಗೊಳಗೇ ಸ್ವಲ್ಪ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಟೈಮ್ ನೋಡಬೇಕು ಅಂದರೆ ಈಗ ನಾನೇ ಹಿಂದಕ್ಕೆ ತಿರುಗಬೇಕು.