ಲಸಿಕೆಯ ನಂತರವೂ ತಪಾಸಣೆ ಬೇಕು

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬ ವೈರಾಣು) ಸೋಂಕು ತಡೆಯುವ ಲಸಿಕೆ ಪಡೆದವರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಅನಗತ್ಯವೆಂದು ಲೇಖನವೊಂದರಲ್ಲಿ ಹೇಳಿರುವುದು ಸರಿಯಲ್ಲ. ಈ ಕ್ಯಾನ್ಸರಿನ ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣವಾಗುವ 16 ಮತ್ತು 18ನೇ ಬಗೆಯ ಎಚ್‌ಪಿವಿ ವೈರಾಣುಗಳನ್ನು ಲಸಿಕೆ ತಡೆಯುತ್ತದೆಯೇ ಹೊರತು, ಅಪಾಯಕಾರಿಯಾದ ಎಲ್ಲ ಬಗೆಗಳನ್ನೂ ಅಲ್ಲ; ಈಗಾಗಲೇ ದೇಹ ಸೇರಿರುವ ಸೋಂಕನ್ನು ಅದು ಗುಣಪಡಿಸುವುದೂ ಇಲ್ಲ. ಹಾಗೆಂದು ಸೋಂಕು ಪತ್ತೆಯಾದ ಮಾತ್ರಕ್ಕೆ ಕ್ಯಾನ್ಸರ್ ಬಂದಿತೆಂದು ಹೆದರಬೇಕಿಲ್ಲ, ಏಕೆಂದರೆ ಬಹುಪಾಲು ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಶಮನವಾಗದೆ ಉಳಿದ ಸೋಂಕು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುವುದರಿಂದ, ಅಷ್ಟರೊಳಗೆ ಜೀವಕೋಶಗಳ ಬದಲಾವಣೆಯನ್ನು ಗುರುತಿಸಿ ಚಿಕಿತ್ಸೆ ಕೊಡಲು ಸಾಕಷ್ಟು ಕಾಲಾವಕಾಶವಿರುತ್ತದೆ. ಎಚ್‌ಪಿವಿ ಸೋಂಕನ್ನು ಕೇವಲ ಹೆಂಗಸರ ಕಾಯಿಲೆಯೆಂದು ಅದೇ ಲೇಖನದಲ್ಲಿ ಬರೆದಿರುವುದೂ ತಪ್ಪು. ಗಂಡಸರಲ್ಲಿ ಗಂಟಲಿನ ಮತ್ತು ಗುದದ್ವಾರದ ಕ್ಯಾನ್ಸರಿಗೂ ಇದೇ ವೈರಾಣು ಕಾರಣವಾಗಬಲ್ಲದು.